ಯಂಕೋಬ ಮಲ್ಲಗುಂಡಿಯ ಮಲೇರಿಯಾ ಓಡಿಸಿದ್ದು

ಮಲ್ಲಗುಂಡಿಯಲ್ಲಿ ಹನ್ನೊಂದು ಗುಡಾರಗಳನ್ನು ಬಿಟ್ಟು ಮಲೇರಿಯಾ ಓಡಿಸುವ ಕೆಲಸ ಮಾಡಿದರು. ತಪ್ಪು ಅದು. ಮರೆತು ಬಿಟ್ಟದ್ದಲ್ಲ, ಕಣ್ಣಿಗೆ ಬೀಳದೆ ಬಿಟ್ಟದ್ದಲ್ಲ. ನೋಡಿ, ಗೊತ್ತಿದ್ದೂ ಬಿಟ್ಟದ್ದು. ಈಗ ಕೇಳಿದರೆ ಎಲ್ಲರೂ ಒಬ್ಬನ ಕಡೆ ಕೈ ತೋರಿಸುತ್ತಾರೆ: ಯಂಕೋಬ ಪೆದ್ದ, ಅವನು ಮಾಡಿದ್ದು. ಪೆದ್ದ ಹೌದು, ಅದರಲ್ಲಿ ಎರಡು ಮಾತಿಲ್ಲ. ಎಂಥ ಪೆದ್ದ ಅನ್ನುವುದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಯಂಕೋಬನ ತಾಯಿ ಫಕೀರವ್ವ. ಗಂಡ ಸತ್ತವಳು, ರೊಟ್ಟಿ ಬಡಿದು ಮಾರಿ ಬದುಕುವವಳು. ಮಗನಿಗೆ ಇಪ್ಪತ್ತಾರು ವರ್ಷ, ಆನೆಯಂಥ ಮೈ. ಹೇಳಿದ ಕೆಲಸಕ್ಕೆ ಒಲ್ಲೆ ಅನ್ನುವವನಲ್ಲ. ತಾಪತ್ರಯ ಅಲ್ಲೇ ಇತ್ತು. ಒಮ್ಮೆ ಫಕೀರವ್ವ ಜೋಳ ಬೀಸಿಸಲು ಗಿರಣಿಗೆ ಹೊರಟಳು. ಒಲೆಯ ಮೇಲಿರುವುದಕ್ಕೆ ಒಂದು ಹಿಡಿ ಉಪ್ಪು ಹಾಕು ಅಂತ ಮಗನಿಗೆ ಹೇಳಿದಳು. ಹೇಳುವಾಗ ಒಲೆಯ ಮೇಲೆ ಬೇಳೆ ಇತ್ತು. ಆಮೇಲೆ ತಾನೇ ಬೇಳೆ ಇಳಿಸಿ, ಸ್ನಾನಕ್ಕೆ ನೀರಿಟ್ಟು ಹೋದಳು. ಯಂಕೋಬ ಒಲೆಯ ಮೇಲೆ ನೋಡಿದ. ನೀರಿತ್ತು. ಉಪ್ಪು ಹಾಕಿದ. ಅವತ್ತು ತಾಯಿ ಉಪ್ಪುನೀರಲ್ಲಿ ಮಿಂದಳು, ಇಬ್ಬರೂ ಸಪ್ಪೆ ಬೇಳೆ ಉಂಡರು.

ಇಂಥವನಿಗೆ ಸರಕಾರದ ಕೆಲಸ ಸಿಕ್ಕಿತು. ಹೇಗೆ ಅನ್ನುತ್ತೀರಾ? ಪ್ರಪಂಚದಲ್ಲಿ ಮಲೇರಿಯಾ ಇರಬಾರದು ಅಂತ ದೊಡ್ಡ ದೊಡ್ಡ ದೇಶಗಳು ಕೂತು ತೀರ್ಮಾನ ಮಾಡಿದ್ದವು. ಒಳ್ಳೆಯ ತೀರ್ಮಾನ. ಅದು ದಿಲ್ಲಿಗೆ ಬಂತು, ದಿಲ್ಲಿಯಿಂದ ಬೆಂಗಳೂರಿಗೆ ಬಂತು, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. ಕೊನೆಗೆ ಮಲ್ಲಗುಂಡಿಗೆ ಬಂದಾಗ ಅದನ್ನು ಬೆನ್ನ ಮೇಲೆ ಹೊರಲು ಒಬ್ಬ ಆಳು ಬೇಕಾಯಿತು. ಹೆಲ್ತ್ ಇನ್ಸ್‌ಪೆಕ್ಟರ್ ಗುರುಪಾದಪ್ಪ ಊರಲ್ಲಿ ಒಂದು ಸುತ್ತು ಹಾಕಿ, ಔಷಧದ ಪಂಪು ಎತ್ತಬಲ್ಲವನು ಯಾರು ಅಂತ ನೋಡಿ ಯಂಕೋಬನನ್ನು ಹಿಡಿದ. ಫಕೀರವ್ವ ಮಗನಿಗೆ ಒಂದೇ ಬುದ್ಧಿ ಹೇಳಿ ಕಳಿಸಿದಳು.

"ಸಾಹೇಬ್ರು ಹೇಳಿದ್ದನ್ನ ಹೇಳಿದಂಗ ಮಾಡು. ನಿನ್ನ ತಲಿ ಓಡಸಬ್ಯಾಡ."

ಇನ್ನು ಆ ಗುಡಾರಗಳ ಮಾತು. ಮಲ್ಲಗುಂಡಿ ಕೆಂಪು ಕಲ್ಲಿನ ಊರು. ಕಲ್ಲು ತೆಗೆದು ತೆಗೆದು ಊರ ಪಕ್ಕದಲ್ಲಿ ಒಂದು ದೊಡ್ಡ ಗುಂಡಿ ಬಿದ್ದಿತ್ತು, ಗುಂಡಿಯ ತುಂಬ ನೀರು ನಿಂತಿತ್ತು. ಆ ನೀರಿನ ದಂಡೆಗೆ ತಾಡಪಾಲಿನ ಹನ್ನೊಂದು ಗುಡಾರ. ಬೇರೆ ಕಡೆಯಿಂದ ಕಲ್ಲು ಒಡೆಯಲು ಬಂದ ಜನ, ಬಂದು ಆರು ವರ್ಷ ಆಗಿತ್ತು. ಅವರಲ್ಲಿ ಒಬ್ಬಳು ಹುಲಿಗೆವ್ವ. ಹಿಂದಿನ ದೀಪಾವಳಿಯಿಂದ ಅವಳಿಗೆ ಮೂರು ಸಲ ಮಲೇರಿಯಾ ಬಂದಿತ್ತು. ಮೂರನೆಯ ಸಲ ತಲೆಯ ಮೇಲೆ ಕಲ್ಲಿರುವಾಗಲೇ ನಡುಕ ಬಂದು, ಗುಂಡಿಯ ಮೆಟ್ಟಿಲಲ್ಲಿ ಬಿದ್ದು ಎರಡು ಹಲ್ಲು ಹೋಗಿದ್ದವು. ತಾಲೂಕು ಆಸ್ಪತ್ರೆಯ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಉಳಿದಿಲ್ಲ, ಇನ್ನೊಂದು ಸಲ ಈ ಜ್ವರ ಬರಬಾರದು ಅಂದಿದ್ದರು. ಹೇಗೆ ಬರದಂತೆ ಇರುವುದು ಅಂತ ಅವಳು ಕೇಳಿದಳು. ನಿಮ್ಮೂರಿನ ಇನ್ಸ್‌ಪೆಕ್ಟರನ್ನು ಕೇಳು ಅಂದರು.

ಮಳೆಗಾಲಕ್ಕೆ ಮುಂಚೆ ಗೋಡೆಗಳಿಗೆ ಔಷಧ ಹೊಡೆಯುವ ಕೆಲಸ ಬಂತು. ಗುರುಪಾದಪ್ಪ ಯಂಕೋಬನಿಗೆ ಪಂಪು ಕೊಟ್ಟ. ಊರಿನ ಒಂದು ಗೋಡೆಯನ್ನೂ ಬಿಡಬೇಡ, ಹೊಡೆದ ಮೇಲೆ ಗೋಡೆಯ ಮೇಲೆ ಮನೆ ನಂಬರು, ತಾರೀಕು ಬರೆ ಅಂದ. ಇದು ಈ ಇಲಾಖೆಯ ಪದ್ಧತಿ. ನಿಮ್ಮ ಮನೆಯ ಬಾಗಿಲ ಪಕ್ಕದಲ್ಲೂ ಇದ್ದೀತು, ನೋಡಿ. ಬರೆದದ್ದಿದ್ದರೆ ಆ ಮನೆ ಲೆಕ್ಕದಲ್ಲಿದೆ, ಬರೆಯದಿದ್ದರೆ ಇಲ್ಲ.

ಯಂಕೋಬ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಮನೆಗಳ ಗೋಡೆಗೆ ಹೊಡೆದ. ಶಾಲೆಯ ಗೋಡೆಗೆ ಹೊಡೆದ. ಬಸ್ ನಿಲ್ದಾಣದ ಗೋಡೆಗೆ, ದೊಡ್ಡಿಯ ಗೋಡೆಗೆ, ಯಾವ ಕಾಲದಲ್ಲೋ ಬಿದ್ದುಹೋದ ಕೋಟೆಯ ಮೊಂಡುಗೋಡೆಗೆ ಎರಡೂ ಕಡೆ ಹೊಡೆದು ತಾರೀಕು ಬರೆದ. ಬರೆದು ಗುಡಾರಗಳ ಮುಂದೆ ಹಾದು ಬರುವಾಗ ಹುಲಿಗೆವ್ವ ಎದ್ದು ಬಂದು ತಡೆದಳು.

"ತಮ್ಮಾ, ನಮ್ಮಲ್ಲಿ ಹೊಡಿಯಪಾ. ಸೊಳ್ಳಿ ಹುಟ್ಟೋದಽ ಇಲ್ಲೇ."

"ಹೊಡಿತೀನಿ ಯಕ್ಕಾ. ಗೋಡಿ ಎಲ್ಲೈತಿ?"

ಅವಳು ತಾಡಪಾಲು ತೋರಿಸಿದಳು. ಯಂಕೋಬ ಅದನ್ನು ಬೆರಳಿಂದ ತಟ್ಟಿದ. ಅದು ಒಳಗೆ ಹೋಯಿತು. ಗೋಡೆ ಒಳಗೆ ಹೋಗುವುದಿಲ್ಲ ಅನ್ನುವಷ್ಟು ಅವನಿಗೂ ಗೊತ್ತಿತ್ತು.

"ಗೋಡಿ ಕಟ್ಟಿಸಿದ ಮ್ಯಾಲೆ ಹೇಳಿ ಕಳಸು ಯಕ್ಕಾ, ಬರ್ತೀನಿ" ಅಂದು, ಪಂಪಿನಲ್ಲಿ ಉಳಿದ ಔಷಧವನ್ನು ಕೋಟೆಗೋಡೆಗೆ ಇನ್ನೊಂದು ಸಲ ಹೊಡೆದು ಬಂದ.

ಗುರುಪಾದಪ್ಪ ಬೈದ. ಗುಡಾರ ಬಿಟ್ಟದ್ದಕ್ಕೆ ಬೈದ ಅಂದುಕೊಂಡಿರಾ? ಇಲ್ಲ. ಗುಡಾರಕ್ಕೆ ನಂಬರಿಲ್ಲ, ಅವನ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಕೋಟೆಗೋಡೆಗೆ ಔಷಧ ದಂಡ ಮಾಡಿದ್ದಕ್ಕೆ ಬೈದ. ಸೊಳ್ಳೆ ಕೋಟೆಯನ್ನು ಕಚ್ಚುತ್ತದೇನು, ಮನುಷ್ಯರನ್ನು ಕಚ್ಚುತ್ತದೆ, ಇನ್ನು ಮೇಲೆ ಮನುಷ್ಯರು ಮಲಗುವ ಜಾಗ ನೋಡಿ ಕೆಲಸ ಮಾಡು ಅಂದ. ಮನೆಯಲ್ಲಿ ಫಕೀರವ್ವನೂ ಅದನ್ನೇ ಹೇಳಿದಳು. ಮನುಷ್ಯರು ಮಲಗುವ ಜಾಗ, ಮರೆಯಬೇಡ. ಯಂಕೋಬ ಮರೆಯಲಿಲ್ಲ.

ಒಂದು ಮಳೆ ಆಯಿತು. ತಾಲೂಕಿನಿಂದ ಎರಡು ಕೊಡ ಮೀನು ಬಂದವು. ಸೊಳ್ಳೆಯ ಮರಿ ತಿನ್ನುವ ಸಣ್ಣ ಮೀನು, ಬೆರಳ ಉಗುರಿನಷ್ಟು. ಬಿಟ್ಟು ಬಾ ಅಂತ ಹೇಳಿ ಗುರುಪಾದಪ್ಪ ಮೀಟಿಂಗಿಗೆ ಹೋದ.

ಯಂಕೋಬ ಮನುಷ್ಯರು ಮಲಗುವ ಜಾಗ ನೋಡಿ ಬಿಟ್ಟು ಬಂದ. ಪ್ರತಿ ಮನೆಗೆ ಹೋಗಿ ಎಲ್ಲಿ ಮಲಗುತ್ತೀರಿ ಅಂತ ಕೇಳಿ, ಮಂಚದ ಕೆಳಗೆ ಒಂದು ಚೊಂಬು, ಚಾಪೆಯ ಮೇಲೆ ಒಂದು ಚೊಂಬು ಮೀನು ಸುರಿದ. ಬಸವಣ್ಣನ ಕಟ್ಟೆಯ ಮೇಲೆ ಮುದುಕರಿಬ್ಬರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವರ ಮೇಲೂ ಸುರಿದ. ಅದರಲ್ಲೊಬ್ಬ ಎದ್ದು ಕೂತು, ಅಂಗಿಯಿಂದ ಮೀನು ತೆಗೆದು ನೋಡಿ, ಈ ವರ್ಷ ಮಳೆ ಜೋರೈತಿ ಅಂದು ಮತ್ತೆ ಮಲಗಿದ. ಊರಿನ ಬೆಕ್ಕುಗಳು ಅವತ್ತು ಯಾರ ಮನೆಯ ಹಾಲಿಗೂ ಬಾಯಿ ಹಾಕಲಿಲ್ಲ.

ಗುಡಾರಗಳಲ್ಲೂ ಮನುಷ್ಯರು ಮಲಗುತ್ತಾರೆ. ಯಂಕೋಬ ಅಲ್ಲಿಗೂ ಹೋದ, ಅಲ್ಲಿಯೂ ಸುರಿದ. ಹುಲಿಗೆವ್ವ ಕೌದಿಯ ಮೇಲೆ ಒದ್ದಾಡುವ ಮೀನುಗಳನ್ನು ಒಂದೊಂದೇ ಆರಿಸಿ ತನ್ನ ತಂಬಿಗೆಗೆ ಹಾಕಿಕೊಂಡಳು. ಮೂವತ್ತು ಹೆಜ್ಜೆ ನಡೆದು ಕಲ್ಲುಗುಂಡಿಯ ನೀರಿಗೆ ಬಿಟ್ಟಳು. ಅವತ್ತು ಮಲ್ಲಗುಂಡಿಯಲ್ಲಿ ಸರಿಯಾದ ಜಾಗಕ್ಕೆ ಹೋದ ಮೀನು ಅಷ್ಟೇ. ಬಿಟ್ಟವಳಿಗೆ ಸಂಬಳವೂ ಇರಲಿಲ್ಲ, ಟ್ರೈನಿಂಗೂ ಆಗಿರಲಿಲ್ಲ.

ಗುರುಪಾದಪ್ಪ ಹಣೆ ಬಡಿದುಕೊಂಡ. ಮಲಗುವ ಜಾಗದಲ್ಲಿ ನಿನಗೇನು ಕೆಲಸ, ನಿಂತ ನೀರು ಎಲ್ಲಿದೆಯೋ ಅಲ್ಲಿ ಹೋಗಿ ಮಾಡಬೇಕು, ನಿಂತ ನೀರು ಬಿಟ್ಟು ಕದಲಬೇಡ ಅಂದ. ಯಂಕೋಬ ತಲೆಯಾಡಿಸಿದ. ನಿಂತ ನೀರು.

ಮುಂದೆ ಸೊಳ್ಳೆ ಪರದೆಗಳು ಬಂದವು. ಯಾವುದೋ ದೇಶದ ಜನ ಚಂದಾ ಎತ್ತಿ ಕೊಟ್ಟದ್ದು, ಇನ್ನಾವುದೋ ದೇಶದಲ್ಲಿ ನೇಯ್ದದ್ದು, ಹಡಗಿನಲ್ಲಿ ಬಂದು, ಲಾರಿಯಲ್ಲಿ ಬಂದು, ಕೊನೆಗೆ ಟಂಟಂ ಆಟೋದಲ್ಲಿ ಮಲ್ಲಗುಂಡಿಗೆ ಬಂದದ್ದು. ನೂರಾ ಎಂಬತ್ತು ಪರದೆ, ನೀಲಿ ಬಣ್ಣ, ಔಷಧದಲ್ಲಿ ಅದ್ದಿದ್ದು. ಅದನ್ನು ಕೊಟ್ಟ ಜನ ಮಲ್ಲಗುಂಡಿಯನ್ನು ಕಂಡವರಲ್ಲ. ಅಲ್ಲಿ ಯಾರೋ ತಾಯಿ ಮಕ್ಕಳು ಇದರೊಳಗೆ ಮಲಗುತ್ತಾರೆ ಅಂತ ನಂಬಿ ಕೊಟ್ಟಿದ್ದರು. ಹಾಕು ಹೋಗು ಅಂದ ಗುರುಪಾದಪ್ಪ.

ಯಂಕೋಬ ಗೋಣಿ ಹೊಲಿಯುವ ಸೂಜಿ ತಂದ. ಮೂರು ದಿನ ಊಟ ಬಿಟ್ಟು ಹೊಲಿದ. ನೂರಾ ಎಂಬತ್ತು ಪರದೆಗಳನ್ನು ಒಂದಕ್ಕೊಂದು ಸೇರಿಸಿ ಒಂದು ಮಾಡಿ, ಕಲ್ಲುಗುಂಡಿಯ ನೀರಿನ ಮೇಲೆ ಈ ದಂಡೆಯಿಂದ ಆ ದಂಡೆಗೆ ಹಾಸಿ, ಅಂಚಿಗೆಲ್ಲ ಕಲ್ಲು ಹೇರಿದ. ಒಳಗಿನ ಸೊಳ್ಳೆ ಹೊರಗೆ ಬರುವ ಹಾಗಿಲ್ಲ ಅಂತ ದಂಡೆಯ ಮೇಲೆ ಕೂತು ಕಾವಲು ಕಾದ. ಹೆಂಗಸರು ಬಟ್ಟೆ ಒಗೆಯಲು ಬಂದು ವಾಪಸು ಹೋದರು. ನೀರು ಕುಡಿಯಲು ಇಳಿದ ಒಂದು ಎಮ್ಮೆ ಮಾತ್ರ ಯಾರ ಮಾತೂ ಕೇಳಲಿಲ್ಲ. ಇಳಿಯುವಾಗ ಬರೀ ಎಮ್ಮೆ. ಹತ್ತುವಾಗ ಮೈ ತುಂಬ ನೀಲಿ ಪರದೆ ಹೊದ್ದು, ಹಿಂದೆ ಮಾರುದ್ದ ಎಳೆದುಕೊಂಡು, ಪಂಚಾಯಿತಿ ಆಫೀಸಿನ ಮುಂದೆ ಹಾದು ಮನೆಗೆ ಹೋಯಿತು. ಮಲ್ಲಗುಂಡಿಯಲ್ಲಿ ಆ ವರ್ಷ ಪರದೆಯೊಳಗೆ ಮೊದಲು ನಿದ್ದೆ ಮಾಡಿದ್ದು ಆ ಎಮ್ಮೆ.

ಗುರುಪಾದಪ್ಪ ಈ ಸಲ ಬೈಯುತ್ತಾ ಬೈಯುತ್ತಾ ಕೂತುಬಿಟ್ಟ. ಇದು ನೀರಿಗಲ್ಲ ಕೋಣಾ, ಹಾಸಿಗೆಗೆ. ಮಲಗುವವರ ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಬೇಕು, ಸಂದು ಇರದ ಹಾಗೆ ಒಳಗೆ ತುರುಕಬೇಕು, ಜನರಿಗೆ ಏನು ಕೊಟ್ಟರೂ ಹೇಗೆ ಬಳಸುವುದು ಅಂತ ತೋರಿಸಿ ಬರಬೇಕು. ಹೀಗೆಲ್ಲ ಹೇಳಿದ. ಹರಿಯದೆ ಉಳಿದ ಪರದೆಗಳನ್ನು ಹೊಲಿಗೆ ಬಿಚ್ಚಿಸಿ ನಂಬರಿದ್ದ ಮನೆಗಳಿಗೆ ಹಂಚಿಸಿದ. ನಂಬರಿಲ್ಲದ ಗುಡಾರದ ಹೆಂಗಸರು ನೀರಲ್ಲಿ ಬಿದ್ದಿದ್ದ ಚಿಂದಿಗಳನ್ನು ಎಳೆದು, ಒಣಗಿಸಿ, ಹೊಲಿದುಕೊಂಡು ಹನ್ನೊಂದು ಗುಡಾರಕ್ಕೆ ಮೂರು ಪರದೆ ಮಾಡಿಕೊಂಡರು. ಮೂರನ್ನೂ ಮಕ್ಕಳ ಮೇಲೆ ಕಟ್ಟಿದರು. ಹುಲಿಗೆವ್ವ ಹೊರಗೆ ಮಲಗಿದಳು.

ಅವಳಿಗೆ ನಾಲ್ಕನೆಯ ಸಲ ನಡುಕ ಬಂತು.

ಯಂಕೋಬ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆಯುವುದನ್ನು ಕಲಿತಿದ್ದ. ಆ ಕೆಲಸದಲ್ಲಿ ತಪ್ಪು ಮಾಡಲು ಜಾಗವಿಲ್ಲ, ಬೆರಳು ಒಂದು, ಗಾಜು ಒಂದು. ಗುಡಾರದಲ್ಲಿ ಜ್ವರ ಬಂದವರೆಲ್ಲರ ರಕ್ತ ತೆಗೆದು ಕಳಿಸಿದ. ಏಳು ಮಂದಿಗೆ ಮಲೇರಿಯಾ ಅಂತ ಬರೆದು ಬಂತು, ಹುಲಿಗೆವ್ವ ಅದರಲ್ಲಿ ಒಬ್ಬಳು. ಇದಕ್ಕೆ ಎರಡು ಥರದ ಗುಳಿಗೆ. ಒಂದು ಮೂರು ದಿನ ನುಂಗುವುದು, ಅದರಿಂದ ಜ್ವರ ಬಿಡುತ್ತದೆ. ಇನ್ನೊಂದು ಹದಿನಾಲ್ಕು ದಿನ ನುಂಗುವುದು, ಅದರಿಂದ ಒಳಗೆ ಅಡಗಿ ಕೂತ ರೋಗ ಹೋಗುತ್ತದೆ. ಹದಿನಾಲ್ಕು ದಿನ ಪೂರ್ತಿ ಆಗದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಎದ್ದು ಬರುತ್ತದೆ. ಹುಲಿಗೆವ್ವನಿಗೆ ಮೂರು ಸಲವೂ ಜ್ವರ ಬಿಡುವ ಗುಳಿಗೆ ಮಾತ್ರ ಸಿಕ್ಕಿತ್ತು. ಈ ಸಲ ಎರಡೂ ಬಂದವು.

ಯಂಕೋಬ ಗುಳಿಗೆಗಳನ್ನು ತಂದ. ಅವರ ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ. ಸಂದು ಇರದ ಹಾಗೆ ಒಳಗೆ ತುರುಕಿದ.

ಹೆಲ್ತ್ ಇಲಾಖೆಯವರು ಮಾಡಿದ್ದು, ಏನೋ ಕಾರಣ ಇರಬೇಕು ಅಂತ ಅವರು ಎರಡು ದಿನ ಅದರ ಮೇಲೆ ಮಲಗಿದರು. ಮೂರನೆಯ ದಿನ ಹುಲಿಗೆವ್ವ ನಡುಗುತ್ತಲೇ ಫಕೀರವ್ವನ ಮನೆ ತನಕ ನಡೆದು ಬಂದು, ಕೌದಿಯ ಕೆಳಗೆ ಸಿಕ್ಕ ಒದ್ದೆ ಗುಳಿಗೆ ತೋರಿಸಿ, ಇದರ ಮೇಲೆ ಎಷ್ಟು ದಿನ ಮಲಗಬೇಕು ಅಂತ ಕೇಳಿದಳು. ಫಕೀರವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು. ಮಗನ ಕಿವಿ ಹಿಡಿದು ಎಳೆದುಕೊಂಡು ಗುರುಪಾದಪ್ಪನ ಮುಂದೆ ನಿಲ್ಲಿಸಿದಳು.

"ನನ್ನ ಮಗಗ ತಲಿ ಇಲ್ಲ, ಒಪ್ಪಿಕೊಂತೀನಿ. ತಲಿ ಇರೋರು ನೀವು ಏನ್ ಮಾಡಾಕತ್ತೀರಿ ಸಾಹೇಬ್ರ? ಈಕಿ ಸತ್ರ ಯಾರ ತಲಿ ಮ್ಯಾಲೆ ಹಾಕೋದು?"

ಗುರುಪಾದಪ್ಪನಿಗೆ ನಾಚಿಕೆ ಆಯಿತೋ ಭಯ ಆಯಿತೋ, ಅಂತೂ ಹೊಸ ಗುಳಿಗೆ ತರಿಸಿದ. ಯಂಕೋಬನಿಗೆ ಹೇಳಿದ: ದಿನಾ ಬೆಳಿಗ್ಗೆ ಹೋಗು, ನಿನ್ನ ಕಣ್ಣ ಮುಂದೆ ನುಂಗಿಸು, ಹದಿನಾಲ್ಕು ದಿನ. ಬೇರೆ ಏನೂ ಮಾಡಬೇಡ.

ಇಲ್ಲಿ ಒಂದು ಮಾತು ನೆನಪಿಡಿ. ಯಂಕೋಬನಿಗೆ ಸರಿಯಾದ ಮಾತು ಹೇಳಿದಾಗ ಅವನು ಸರಿಯಾಗಿಯೇ ಮಾಡಿದ. ದಿನಾ ಬೆಳಿಗ್ಗೆ ಹೋದ. ಅವರು ತಿಂಡಿ ತಿನ್ನುವ ತನಕ ಕಾದ. ಎದುರಿಗೆ ಕೂತು, ಗುಳಿಗೆ ಗಂಟಲಲ್ಲಿ ಇಳಿಯುವ ತನಕ ಕಣ್ಣು ಮಿಟುಕಿಸದೆ ನೋಡಿದ. ನುಂಗಿದ ಮೇಲೆ ಬಾಯಿ ತೆರೆಸಿ ನೋಡಿದ, ನಾಲಿಗೆ ಎತ್ತಿಸಿ ನೋಡಿದ. ನನ್ನ ಮದುವೆಯಲ್ಲೂ ಇಷ್ಟು ಮುಖ ನೋಡಿಸಿಕೊಂಡಿಲ್ಲ ಅಂತ ಹುಲಿಗೆವ್ವ ನಕ್ಕಳು. ಎರಡು ಹಲ್ಲಿಲ್ಲದ ನಗು. ನಾಲ್ಕನೆಯ ದಿನ ಅವಳ ಜ್ವರ ಬಿಟ್ಟಿತು. ಆರನೆಯ ದಿನ ಒಲೆ ಹಚ್ಚಿದಳು. ಏಳನೆಯ ದಿನ, ಇನ್ನು ಅರ್ಧ ಉಳಿಯಿತು ಅಲ್ಲೇನು ತಮ್ಮಾ ಅಂದಳು. ಮಲ್ಲಗುಂಡಿಯಲ್ಲಿ ಆರು ವರ್ಷದಲ್ಲಿ ಆಗದ ಕೆಲಸ ಒಬ್ಬ ಪೆದ್ದನಿಂದ ಆಗುತ್ತಿತ್ತು.

ಏಳನೆಯ ದಿನವೇ ಕಾಗದ ಬಂತು. ಮೂರು ವರ್ಷ ಮಲೇರಿಯಾ ಇಲ್ಲದ ಊರು ಅಂತ ಮಲ್ಲಗುಂಡಿಯ ಹೆಸರು ಮೇಲೆ ಹೋಗಿತ್ತು. ನಂಬರಿದ್ದ ಮನೆಗಳಲ್ಲಿ ಇಲ್ಲವಲ್ಲ, ಹಾಗೆ ಬರೆದಿದ್ದರು. ಹೌದೋ ಅಲ್ಲವೋ ನೋಡಲು ಮೂರು ಜನರ ಸಮಿತಿ ಮರುದಿನ ಮಧ್ಯಾಹ್ನ ಬರುತ್ತದೆ, ಅದರಲ್ಲಿ ಒಬ್ಬರು ಹೊರದೇಶದ ಡಾಕ್ಟರಮ್ಮ, ಇಬ್ಬರು ದಿಲ್ಲಿಯವರು, ಕನ್ನಡ ಮೂವರಿಗೂ ಬಾರದು. ಗುರುಪಾದಪ್ಪ ಕಾಗದವನ್ನು ಎರಡು ಸಲ ಓದಿದ. ಯಂಕೋಬನನ್ನು ಕರೆದು ಮೆಲ್ಲಗೆ ಹೇಳಿದ.

"ನಾಳೆ ನಮ್ಮೂರ ಗಡಿಯೊಳಗ ಮಲೇರಿಯಾದವರು ಒಬ್ಬರೂ ಇರಬಾರ್ದು. ತಿಳೀತಿಲ್ಲೋ?"

ಅವನು ಹೇಳಿದ್ದು ಕಾಗದದ ಮಾತು. ಆ ಏಳು ಜನರ ರಕ್ತದ ಚೀಟಿ ಯಾರ ಕೈಗೂ ಸಿಗಬಾರದು ಅಂತ. ಯಂಕೋಬನಿಗೆ ಕಾಗದದ ಮಾತು ತಿಳಿಯುವುದಿಲ್ಲ. ಬೆಳಿಗ್ಗೆ ಒಂದು ಟ್ರ್ಯಾಕ್ಟರ್ ತಂದ. ಏಳು ಜನರನ್ನು ಅವರ ಪಾತ್ರೆ ಕೌದಿ ಸಮೇತ ಕೂಡಿಸಿದ. ಅವರು ಯಾಕೆ ಅಂತ ಕೇಳಲಿಲ್ಲ. ಏಳಿ ಅಂದರೆ ಏಳುವುದು, ಹೋಗಿ ಅಂದರೆ ಹೋಗುವುದು, ಅವರಿಗೆ ರೂಢಿ. ಹುಲಿಗೆವ್ವ ಒಬ್ಬಳೇ, ಉಳಿದ ಗುಳಿಗೆ ಏನಾಗುತ್ತದೆ ಅಂತ ಕೇಳಿದಳು. ದಿನಾ ತರುತ್ತೇನೆ ಅಂದ. ಗಡಿಕಲ್ಲು ದಾಟಿಸಿ, ಪಕ್ಕದ ತಾಲೂಕಿನ ಕಾಲುವೆಯ ದಂಡೆಗೆ ಇಳಿಸಿ ಬಂದ.

ಸಮಿತಿ ಬಂತು. ಗೋಡೆ ನೋಡಿತು, ತಾರೀಕು ನೋಡಿತು, ಪರದೆ ಎಣಿಸಿತು. ಡಾಕ್ಟರಮ್ಮ ವಯಸ್ಸಾದವರು, ಸುಮ್ಮನೆ ನಂಬುವವರಲ್ಲ. ಮನೆಮನೆಗೆ ಓಡಾಡಿದ ಆಳು ಯಾರು ಅಂತ ಕೇಳಿ, ಯಂಕೋಬನನ್ನು ಮುಂದೆ ಕರೆಸಿ, ಈ ಊರಲ್ಲಿ ಮಲೇರಿಯಾದವರು ಎಲ್ಲಿ ಹೋದರು ಅಂತ ತಮ್ಮ ಭಾಷೆಯಲ್ಲಿ ಕೇಳಿದರು. ಗುರುಪಾದಪ್ಪ ಕನ್ನಡದಲ್ಲಿ ಹೇಳಿದ. ಯಂಕೋಬ ಎದೆ ಎತ್ತಿ ನಿಂತು ಉತ್ತರ ಕೊಟ್ಟ.

"ಏಳು ಮಂದಿ ಇದ್ರು ಯವ್ವಾ. ಅರ್ಧ ಗುಳಿಗಿ ನುಂಗ್ಯಾರ, ಅರ್ಧ ಉಳದಾವ. ಇವತ್ತು ಮುಂಜಾನೆ ಟ್ರ್ಯಾಕ್ಟರ್‌ನ್ಯಾಗ ಹೇರಿ ಕಾಲುವಿ ದಂಡಿಗೆ ಬಿಟ್ಟು ಬಂದೀನಿ."

ಗುರುಪಾದಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಏಳು ಜನರನ್ನು ಗಡಿ ದಾಟಿಸಿದ್ದು ಅವನಿಗೂ ಆಗಲೇ ಗೊತ್ತಾದದ್ದು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಅವರ ಭಾಷೆಯಲ್ಲಿ ಹೇಳಿದ: ಮೂರು ವರ್ಷದಿಂದ ಒಬ್ಬರೂ ಇಲ್ಲ ಅನ್ನುತ್ತಿದ್ದಾನೆ. ಡಾಕ್ಟರಮ್ಮ ಯಂಕೋಬನ ಕೈ ಹಿಡಿದು ಕುಲುಕಿದರು. ಚಪ್ಪಾಳೆ ಆಯಿತು. ಮಲ್ಲಗುಂಡಿ ಮಲೇರಿಯಾ ಇಲ್ಲದ ಊರಾಯಿತು.

ಯಂಕೋಬ ಬೈಗುಳಕ್ಕಾಗಿ ಕಾದ. ಯಾರೂ ಬೈಯಲಿಲ್ಲ. ಇಷ್ಟು ದಿನ ಮಾಡಿದ ಕೆಲಸದಲ್ಲಿ ಬೈಗುಳ ತಿನ್ನದ ಮೊದಲ ಕೆಲಸ ಇದು.

ಉಳಿದ ಗುಳಿಗೆ ಏನು ಮಾಡಲಿ ಅಂತ ಸಾಹೇಬರನ್ನು ಕೇಳಿದ. ಕಣ್ಣ ಮುಂದೆ ನುಂಗಿಸು ಅಂತ ನೀವೇ ಹೇಳಿದ್ದು ಅಂದ. ಗುರುಪಾದಪ್ಪ ಸಂತೋಷದಲ್ಲಿದ್ದ, ಬೈಯಲಿಲ್ಲ. ನಮ್ಮ ಕೆಲಸ ಗಡಿಕಲ್ಲಿನ ತನಕ, ಅದರಾಚೆ ನಮ್ಮದಲ್ಲ ಅಂದ.

ಮರುದಿನ ಬೆಳಿಗ್ಗೆ ಯಂಕೋಬ ಏಳು ಜನರ ಗುಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕೈಯಲ್ಲಿ ಒಂದು ತಂಬಿಗೆ ನೀರು ಹಿಡಿದು ಹೊರಟ. ಗಡಿಕಲ್ಲಿನ ತನಕ ಹೋದ. ಅಲ್ಲಿ ನಿಂತ. ಕಲ್ಲಿನ ಈಚೆ ನಿಂತು ಆಚೆಗೆ ಮುಖ ಮಾಡಿ ಕೂಗಿದ. ಯಕ್ಕಾ ಹುಲಿಗೆವ್ವಾ, ಬಾ, ಗುಳಿಗಿ ನುಂಗು, ನೋಡ್ತೀನಿ. ಕಾಲುವೆಯ ದಂಡೆ ಅಲ್ಲಿಂದ ಒಂಬತ್ತು ಕಿಲೋಮೀಟರು. ಬಿಸಿಲೇರುವ ತನಕ ಕೂಗಿದ, ಮನೆಗೆ ಬಂದ. ಮರುದಿನ ಮತ್ತೆ ಹೋದ. ಫಕೀರವ್ವನಿಗೆ ತಿಳಿದು ಓಡಿ ಬಂದಾಗ ಅವನು ಹೀಗೆ ಕೂಗುತ್ತಿದ್ದ ಏಳನೆಯ ದಿನ. ಮಗನ ಕೈಯಿಂದ ಗುಳಿಗೆ ಕಸಿದುಕೊಂಡು ಗಡಿಕಲ್ಲು ದಾಟಿ ಕಾಲುವೆಗೆ ನಡೆದೇ ಹೋದಳು. ಹುಲಿಗೆವ್ವ ಅಲ್ಲಿರಲಿಲ್ಲ. ಅವರು ಅಲ್ಲಿ ಕೂಲಿಗೆ ಸೇರಿದ್ದ ಕಾಲುವೆಯ ಕೆಲಸ ಮುಗಿದು, ಅವರನ್ನು ಮುಂದಕ್ಕೆ ಕಳಿಸಿಯಾಗಿತ್ತು. ಆ ಊರಿನ ಇನ್ಸ್‌ಪೆಕ್ಟರನ್ನು ಕೇಳಿದಳು. ಅವರು ಮಲ್ಲಗುಂಡಿಯವರು, ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ ಅಂದ. ಎಲ್ಲಿಗೆ ಹೋದರು ಅಂತ ಅವನಿಗೆ ಗೊತ್ತಿರಲಿಲ್ಲ. ಮಲ್ಲಗುಂಡಿಯಲ್ಲಿ ಕೇಳಿದರೆ ಅಂಥವರು ಇರಲೇ ಇಲ್ಲ.

ಪೆದ್ದನ ಕತೆ ಇಷ್ಟೇ. ನಕ್ಕಿದ್ದರೆ ನಕ್ಕದ್ದು ಸಾಕು.

ಅರ್ಧ ಗುಳಿಗೆ ನುಂಗಿದ ಹುಲಿಗೆವ್ವ ಈಗ ಎಲ್ಲೋ ಇದ್ದಾಳೆ. ನಿಮ್ಮ ಊರಿನ ಹೊರಗೆ ಇಟ್ಟಿಗೆ ಭಟ್ಟಿಯ ಹತ್ತಿರ, ರಸ್ತೆ ಕೆಲಸದ ಹತ್ತಿರ, ಕಟ್ಟುತ್ತಿರುವ ಮನೆಯ ನೀರಿನ ತೊಟ್ಟಿಯ ಹತ್ತಿರ ಇರಬಹುದು. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ. ಯಾರಿಗೆ ಜ್ವರ ಇದೆ ಅಂತ ಕೇಳಿ. ಎಷ್ಟು ಗುಳಿಗೆ ನುಂಗಿದಿರಿ, ಎಷ್ಟು ಉಳಿಯಿತು ಅಂತ ಕೇಳಿ. ಅವರನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ನಮ್ಮ ಪಟ್ಟಿಯಲ್ಲಿಲ್ಲ ಅನ್ನುತ್ತಾರೆ. ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಹೆಸರು ಬರೆದು, ಗುಳಿಗೆ ಕೈಗೆ ಕೊಡುವ ತನಕ ಏಳಬೇಡಿ.